ಇಷ್ಟು ಮಳೆ ಸುರಿದೂ ಬೆಟ್ಟದ ಸತ್ವ ಎಲ್ಲಿ ಉಳಿಯುತ್ತದೆ?

(ಶಿರಸಿಯಲ್ಲಿ ಅಡಿಕೆ ಬೆಳೆಗಾರರು ಮತ್ತು ಶಾಲಾ ಶಿಕ್ಷಕರ ಎದುರು ಆಡಿದ ಮಾತುಗಳು, ಓದಿಗೆ ಹೊಂದುವಂತೆ ತಿದ್ದಿ ಬರೆದದ್ದು.)

ಒಂದು ಲೆಕ್ಕದಿಂದ ಶುರು ಮಾಡೋಣ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಬಿದ್ದ ನೀರು ಹರಿಯದೆ, ಇಂಗದೆ ನಿಂತಿತು ಅಂದುಕೊಳ್ಳಿ, ಈ ಸಭಾಂಗಣದಲ್ಲಿ ಮೇಲಿನ ಫ್ಯಾನ್ ಮುಳುಗುತ್ತದೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವಂಥದ್ದು. ಘಟ್ಟದ ಮೇಲೆ ನಮಗೆ ಒಂದಿಷ್ಟು ಕಡಿಮೆ ಇರಬಹುದು, ಆದರೆ ಅದೂ ಸಣ್ಣ ಮಳೆಯಲ್ಲ. ಇನ್ನು ನೆಲ? ಅರ್ಧಕ್ಕರ್ಧ ಚಿರೇಕಲ್ಲಿನ ನೆಲ. ಚಿರೇಕಲ್ಲು ಅಂದರೆ ತೊಳೆದು ಉಳಿದದ್ದು. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಸುಣ್ಣ, ಪೊಟ್ಯಾಶ್, ಮೆಗ್ನೀಸಿಯಂ, ಸಿಲಿಕಾ ಎಲ್ಲವನ್ನೂ ಎಳೆದುಕೊಂಡು ಹೋಗಿ, ಕರಗಲು ಒಪ್ಪದ ಕಬ್ಬಿಣ ಮತ್ತು ಅಲ್ಯುಮಿನಿಯಂ ಮಾತ್ರ ಬಿಟ್ಟಿದೆ. ಆ ಕೆಂಪು ಬಣ್ಣ ಕಬ್ಬಿಣದ್ದು.

ಈಗ ಹೇಳಿ, ಇಂಥ ನೆಲದ ಮೇಲೆ, ಇಂಥ ಮಳೆಯ ಕೆಳಗೆ, ನೂರಡಿ ಎತ್ತರದ ಕಾಡು ಹೇಗೆ ನಿಂತಿದೆ? ಕರಗುವ ಸತ್ವವೆಲ್ಲ ಎಂದೋ ಅಘನಾಶಿನಿ, ಬೇಡ್ತಿ, ಕಾಳಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗಿರಬೇಕಿತ್ತಲ್ಲ?

ಶಾಲೆಯ ಪಾಠದಲ್ಲಿ ಉತ್ತರ ಸುಲಭ. ಎಲೆ ಬೀಳುತ್ತದೆ, ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ಕೊಳೆಸುತ್ತವೆ, ಗೊಬ್ಬರವಾಗುತ್ತದೆ, ಮರ ಮತ್ತೆ ಹೀರುತ್ತದೆ. ನಾಲ್ಕು ಬಾಣ ಹಾಕಿದ ಒಂದು ವೃತ್ತ. ಶಿಕ್ಷಕರು ಬೇಸರಿಸಬೇಡಿ, ಆ ಚಿತ್ರ ತಪ್ಪು ಅನ್ನುತ್ತಿಲ್ಲ. ಅದರಲ್ಲಿ ಮಳೆ ಇಲ್ಲ, ಅಷ್ಟೇ ನನ್ನ ತಕರಾರು. ಕೊಳೆತ ಕೂಡಲೇ ಸತ್ವವೆಲ್ಲ ನೀರಿಗೆ ಬಿಡುಗಡೆಯಾಗುವುದಾದರೆ ಜುಲೈ ತಿಂಗಳ ಒಂದು ವಾರ ಸಾಕು, ಎಲ್ಲ ಹೊಳೆಪಾಲು. ಹಾಗಾಗುವುದಿಲ್ಲ. ಕೊಳೆಸುವ ಜೀವಿಗಳು ಸತ್ವವನ್ನು ಬಿಡುಗಡೆ ಮಾಡುವುದಕ್ಕಿಂತ ಮೊದಲು ಹಿಡಿದಿಟ್ಟುಕೊಳ್ಳುತ್ತವೆ, ತಮ್ಮ ಮೈಯಲ್ಲೇ. ನಾನು ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಎಲೆಯಿಂದಲೇ ಹೊರಡೋಣ. ಮರ ಜಿಪುಣ. ಎಲೆ ಉದುರಿಸುವ ಮೊದಲು ಅದರಲ್ಲಿರುವ ಸಾರಜನಕ, ರಂಜಕಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ವಾಪಸ್ ಎಳೆದುಕೊಳ್ಳುತ್ತದೆ. ಎಲೆ ಹಳದಿಯಾಗುವುದು ಆ ವಾಪಸಾತಿ ನಡೆಯುವಾಗಲೇ. ಹಾಗಾಗಿ ನೆಲಕ್ಕೆ ಬಿದ್ದ ಒಣ ಎಲೆ, ಅಂದರೆ ದರಕು, ಬಡ ಎಲೆ. ನಿಮ್ಮ ಅಜ್ಜಂದಿರು ತೋಟಕ್ಕೆ ಹಸಿ ಸೊಪ್ಪು ಕಡಿದು ಹಾಸುತ್ತಿದ್ದರು, ಒಣ ದರಕನ್ನು ಮಾತ್ರ ಮೊದಲು ಕೊಟ್ಟಿಗೆಗೆ ಹಾಕುತ್ತಿದ್ದರು. ಯಾಕೆ ಈ ಭೇದ? ಹಸಿ ಸೊಪ್ಪಿನಲ್ಲಿ ಮರ ಇನ್ನೂ ಏನನ್ನೂ ವಾಪಸ್ ತೆಗೆದುಕೊಂಡಿಲ್ಲ. ದರಕಿನಲ್ಲಿ ತೆಗೆದುಕೊಂಡಾಗಿದೆ. ಕೊಟ್ಟಿಗೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆಗಸ್ಟಿನಲ್ಲಿ ಬೆಟ್ಟಕ್ಕೆ ಹೋದಾಗ ಒಂದು ಕೆಲಸ ಮಾಡಿ. ಮರದ ಬುಡದಲ್ಲಿ ಕೂತು ದರಕನ್ನು ಪದರ ಪದರವಾಗಿ ಬಿಡಿಸಿ. ಮೇಲಿನದು ಹೋದ ಬೇಸಿಗೆಯ ಎಲೆ, ನೆನೆದಿದ್ದರೂ ಇಡಿಯಾಗಿದೆ. ಅದರ ಕೆಳಗಿನ ಎಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬಿಡಿಸಿದರೆ ನಡುವೆ ಬಿಳಿ ನೂಲು. ಅದು ಶಿಲೀಂಧ್ರದ ಎಳೆ. ಎಲೆಯ ಮೇಲೆ ಅಲ್ಲಲ್ಲಿ ಬಣ್ಣ ಹೋಗಿ ಬೆಳ್ಳಗಾದ ಮಚ್ಚೆ, ಮಚ್ಚೆಯ ಅಂಚಿಗೆ ಕಪ್ಪು ಗೆರೆ. ಎರಡು ಬೇರೆ ಬೇರೆ ಶಿಲೀಂಧ್ರಗಳು ಎದುರಾದ ಕಡೆ ಹೀಗೆ ಗಡಿ ಹಾಕಿಕೊಳ್ಳುವುದುಂಟು. ಇನ್ನೂ ಕೆಳಗೆ ಎಲೆಯ ಮಾಂಸವೆಲ್ಲ ಹೋಗಿ ನರಗಳ ಜಾಲರಿ ಮಾತ್ರ. ಅದರ ಕೆಳಗೆ ಎಲೆ ಅನ್ನುವುದೇ ಇಲ್ಲ, ಕಪ್ಪು ಹರಳು ಹರಳಾದ ಪುಡಿ. ಆ ಪುಡಿಯನ್ನು ಅಂಗೈ ಮೇಲೆ ಹಾಕಿ ಭೂತಗನ್ನಡಿಯಲ್ಲಿ ನೋಡಿದರೆ ಬಹುಪಾಲು ಹಿಕ್ಕೆ. ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುವ ಸಹಸ್ರಪದಿ, ಬಾಲದಡಿ ಸ್ಪ್ರಿಂಗ್ ಇಟ್ಟುಕೊಂಡು ಚಿಮ್ಮುವ ಸಣ್ಣ ಬಿಳಿ ಜೀವಿಗಳು, ಎರೆಹುಳು, ಇವುಗಳದ್ದು.

ಸಹಸ್ರಪದಿ ಎಲೆ ತಿಂದರೂ ಅದಕ್ಕೆ ದಕ್ಕುವುದು ಕಡಿಮೆ. ತಿಂದದ್ದರ ಹೆಚ್ಚಿನ ಪಾಲು ಹಾಗೇ ಹಿಂದಿನಿಂದ ಬರುತ್ತದೆ, ಆದರೆ ಪುಡಿಯಾಗಿ ಬರುತ್ತದೆ. ಪುಡಿಯಾದ ಮೇಲೆ ಬ್ಯಾಕ್ಟೀರಿಯಾಕ್ಕೆ ಕೂರಲು ಜಾಗ ಎಷ್ಟೋ ಪಟ್ಟು ಜಾಸ್ತಿ. ಬ್ಯಾಕ್ಟೀರಿಯಾ ಕೂತು ಮೆತ್ತಗಾದ ಹಿಕ್ಕೆಯನ್ನು ಸಹಸ್ರಪದಿ ಮತ್ತೆ ತಿನ್ನುವುದೂ ಇದೆ. ಊಟದ ಹೊತ್ತು ಹತ್ತಿರ ಬಂತು, ಆ ವಿವರ ಬೇಡ ಬಿಡಿ.

ಈಗ ಸ್ವಲ್ಪ ಗಣಿತ. ಬ್ಯಾಕ್ಟೀರಿಯಾದ ಮೈ ಕಟ್ಟಲು ಎಂಟು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ತಿಂದ ಇಂಗಾಲದಲ್ಲಿ ಮೂರನೇ ಒಂದು ಭಾಗ ಮೈ ಸೇರುತ್ತದೆ, ಉಳಿದದ್ದು ಉಸಿರಾಟದಲ್ಲಿ ಇಂಗಾಲದ ಡೈ ಆಕ್ಸೈಡ್ ಆಗಿ ಹೋಗುತ್ತದೆ. ಅಂದರೆ ಎಂಟು ಪಾಲು ಮೈ ಸೇರಬೇಕಾದರೆ ತಿನ್ನಬೇಕಾದದ್ದು 24 ಪಾಲು. ಆದ್ದರಿಂದ ಅದರ ಆಹಾರದಲ್ಲಿ 24ಕ್ಕೆ 1ರಂತೆ ಸಾರಜನಕ ಇದ್ದರೆ ಲೆಕ್ಕ ಸರಿಹೋಗುತ್ತದೆ. ಸಗಣಿ ಈ ಲೆಕ್ಕದೊಳಗೆ ಇದೆ. ಗೊಬ್ಬರದ ಗಿಡದ ಸೊಪ್ಪು, ಅಂದರೆ ಗ್ಲಿರಿಸೀಡಿಯಾ, ಅದೂ ಇದೆ. ಒಣ ದರಕು ಲೆಕ್ಕದ ಹೊರಗೆ. ಭತ್ತದ ಹುಲ್ಲು 80ಕ್ಕೆ 1ರ ಆಸುಪಾಸು. ಮರದ ಹೊಟ್ಟು ನೂರಾರಕ್ಕೆ 1.

ಲೆಕ್ಕಕ್ಕೆ ಕಡಿಮೆ ಬಿದ್ದ ಸಾರಜನಕವನ್ನು ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಎಲ್ಲಿಂದ ತರುತ್ತವೆ? ಸುತ್ತಲಿನ ಮಣ್ಣಿನಿಂದ. ಬೇರಿಗೂ ಅದೇ ಬೇಕು, ಇವಕ್ಕೂ ಅದೇ ಬೇಕು, ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಇವೇ ಗೆಲ್ಲುತ್ತವೆ. ಚಾಲಿ, ಅಂದರೆ ಒಣಗಿದ ಅಡಿಕೆ, ಸುಲಿದ ಸಿಪ್ಪೆಯನ್ನು ಹಾಗೇ ತಂದು ಎಳೆ ಸಸಿಯ ಬುಡದ ಮಣ್ಣಿಗೆ ಬೆರೆಸಿದರೆ ಸಸಿ ಹಳದಿಯಾಗುವುದು ಇದಕ್ಕೇ. ಗೊಬ್ಬರ ಹಾಕಿದೆ, ಗಿಡ ಬಡವಾಯಿತು ಅನ್ನುವ ದೂರು ಕೇಳಿದ್ದೀರಲ್ಲ? ಸಿಪ್ಪೆಯಲ್ಲಿ ವಿಷ ಏನೂ ಇಲ್ಲ. ಕೊಳೆಸುವವರಿಗೆ ಹಸಿವು, ಅಷ್ಟೇ. ಸಿಪ್ಪೆಯನ್ನು ಮಣ್ಣಿಗೆ ಬೆರೆಸದೆ ಮೇಲೆ ಹಾಸಿದರೆ ಈ ತೊಂದರೆ ಬಹಳ ಕಡಿಮೆ, ಯಾಕೆಂದರೆ ಜಗಳ ನಡೆಯುವುದು ಸಿಪ್ಪೆಗೂ ಮಣ್ಣಿಗೂ ತಾಗಿರುವ ತೆಳು ಪದರದಲ್ಲಿ ಮಾತ್ರ.

ತೋಟಿಗರಿಗೆ ಇದು ಕಿರಿಕಿರಿ. ಕಾಡಿಗೆ ಇದೇ ಕಾವಲು. ಜುಲೈ ತಿಂಗಳಲ್ಲಿ ಸಾರಜನಕ ನೈಟ್ರೇಟ್ ರೂಪದಲ್ಲಿ ಸುಮ್ಮನೆ ಮಣ್ಣಿನಲ್ಲಿದ್ದರೆ ಒಂದು ಮಳೆಗೆ ಹೋಯಿತು. ಅದು ಮಣ್ಣಿಗೆ ಅಂಟಿಕೊಳ್ಳುವ ವಸ್ತುವೇ ಅಲ್ಲ. ಅದೇ ಸಾರಜನಕ ಶಿಲೀಂಧ್ರದ ಎಳೆಯೊಳಗಿದ್ದರೆ ಮಳೆ ಏನು ಮಾಡೀತು? ಎಳೆ ದರಕಿಗೆ ಹೆಣೆದುಕೊಂಡಿದೆ, ದರಕು ಬೇರಿಗೆ ಹೆಣೆದುಕೊಂಡಿದೆ.

ಹಾಗಾದರೆ ಮರಕ್ಕೆ ಸಿಗುವುದು ಯಾವಾಗ? ಕೊಳೆಸುವವರನ್ನು ಬೇರೆಯವರು ತಿಂದಾಗ. ಒಂದೇ ಕೋಶದ ಅಮೀಬಾದಂಥವು, ಕಣ್ಣಿಗೆ ಕಾಣದ ದುಂಡುಹುಳುಗಳು, ಆಗ ಹೇಳಿದ ಚಿಮ್ಮುವ ಜೀವಿಗಳು, ಇವೆಲ್ಲ ಬ್ಯಾಕ್ಟೀರಿಯಾವನ್ನೂ ಶಿಲೀಂಧ್ರವನ್ನೂ ಮೇಯುತ್ತವೆ. ಮೇಯುವವರಿಗೆ ಸಾರಜನಕ ತಮಗೆ ಬೇಕಾದದ್ದಕ್ಕಿಂತ ಹೆಚ್ಚು ಸಿಗುತ್ತದೆ, ಹೆಚ್ಚಾದದ್ದನ್ನು ಅಮೋನಿಯಂ ರೂಪದಲ್ಲಿ ಹೊರಗೆ ಹಾಕುತ್ತವೆ. ಇದು ಹೆಚ್ಚಾಗಿ ನಡೆಯುವುದು ಬೇರಿನ ಪಕ್ಕದಲ್ಲಿ, ಯಾಕೆಂದರೆ ಬೇರು ಸಕ್ಕರೆ ಒಸರುತ್ತದೆ, ಬ್ಯಾಕ್ಟೀರಿಯಾ ಅಲ್ಲಿ ಜಮಾಯಿಸುತ್ತದೆ, ತಿನ್ನುವವರೂ ಅಲ್ಲಿಗೇ ಬರುತ್ತಾರೆ. ಸ್ವಲ್ಪ ಸ್ವಲ್ಪವಾಗಿ, ಬೇರಿನ ಬಾಯಿಯ ಹತ್ತಿರ. ಯೂರಿಯಾ ಚೀಲ ಒಡೆದು ಸುರಿದಂತೆ ಅಲ್ಲ.

ರಂಜಕದ ಕಥೆ ಬೇರೆ, ಚುಟುಕಾಗಿ ಹೇಳುತ್ತೇನೆ. ಅದು ತೊಳೆದು ಹೋಗುವುದು ಕಡಿಮೆ, ಆದರೆ ನಮ್ಮ ಕೆಂಪು ಮಣ್ಣಿನ ಕಬ್ಬಿಣ ಅದನ್ನು ಹಿಡಿದರೆ ಬಿಡುವುದಿಲ್ಲ. ಆದ್ದರಿಂದ ಅದು ಕಬ್ಬಿಣದ ಕೈಗೆ ಸಿಗುವ ಮೊದಲೇ ಬೇರಿಗೆ ತಲುಪಬೇಕು. ಬೇರಿನ ಜೊತೆ ಒಪ್ಪಂದ ಮಾಡಿಕೊಂಡ ಶಿಲೀಂಧ್ರಗಳಿವೆ, ಮೈಕೋರೈಜಾ ಅನ್ನುತ್ತಾರೆ. ಕೂದಲಿಗಿಂತ ಸಣ್ಣ ಎಳೆಗಳನ್ನು ಬೇರು ಹೋಗಲಾಗದ ಸಂದಿಗೆ ಕಳಿಸಿ ರಂಜಕ ತಂದು ಕೊಟ್ಟು, ಬದಲಿಗೆ ಸಕ್ಕರೆ ತೆಗೆದುಕೊಳ್ಳುತ್ತವೆ. ಪೊಟ್ಯಾಶ್ ಇದ್ದವುಗಳಲ್ಲೇ ಅವಸರದ್ದು. ಎಲೆಯಲ್ಲಿ ಅದು ಯಾವುದಕ್ಕೂ ಕಟ್ಟಿಕೊಂಡಿರುವುದಿಲ್ಲ, ಕೊಳೆಯುವ ತನಕ ಕಾಯದೆ ಮೊದಲ ಮಳೆಗೇ ಇಳಿಯುತ್ತದೆ.

ಈಗ ಕೊಟ್ಟಿಗೆ. ದರಕಿನಲ್ಲಿ ಇಂಗಾಲ ಹೇರಳ, ಸಾರಜನಕ ಕಡಿಮೆ. ಗಂಜಲದಲ್ಲಿ ಸಾರಜನಕ ಹೇರಳ, ಆದರೆ ನಿಲ್ಲುವುದಿಲ್ಲ, ಅಮೋನಿಯಾ ಆಗಿ ಹಾರಿಹೋಗುತ್ತದೆ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಕಣ್ಣು ಉರಿದರೆ ಆ ಉರಿ ನಿಮ್ಮ ಗೊಬ್ಬರದ್ದೇ. ದನದ ಕಾಲಡಿ ದರಕು ಹಾಸಿದರೆ ಒಂದರ ಕೊರತೆಗೆ ಇನ್ನೊಂದು. ಹಸಿದ ಶಿಲೀಂಧ್ರಕ್ಕೂ ಬ್ಯಾಕ್ಟೀರಿಯಾಕ್ಕೂ ಮೇಲಿನಿಂದ ಸಾರಜನಕ ಸುರಿಯಿತು, ಅವು ಹಿಡಿದಿಟ್ಟುಕೊಂಡವು, ಗೊಬ್ಬರ ಗುಂಡಿಗೆ ಹೋದವು. 24ಕ್ಕೆ 1 ಅಂತ ಯಾರೂ ಬರೆದಿಟ್ಟಿರಲಿಲ್ಲ. ಮೂಗಿಗೆ ಘಾಟು ಬಂದರೆ ಇನ್ನೊಂದು ಹೊರೆ ದರಕು ಹಾಕು ಅನ್ನುವುದು ಮಾತ್ರ ಗೊತ್ತಿತ್ತು. ಕಾಂಕ್ರೀಟ್ ಹಾಕಿ, ಮ್ಯಾಟ್ ಹಾಸಿ, ನೀರು ಹೊಡೆದು ತೊಳೆಯುವ ಕೊಟ್ಟಿಗೆ ಚೊಕ್ಕಟ, ಕೆಲಸವೂ ಹಗುರ, ಆಳು ಸಿಗದ ಈ ಕಾಲದಲ್ಲಿ ಅದನ್ನು ಬೇಡ ಅನ್ನಲು ನನಗೆ ಬಾಯಿಲ್ಲ. ಆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ನೋಡಿಕೊಳ್ಳಿ.

ಇಲ್ಲೊಂದು ಇರುಸುಮುರುಸಿನ ಮಾತು ಹೇಳಲೇಬೇಕು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು, ದರಕು ತರುವ ಕಾಡಿನ, ಸವಲತ್ತು ಬ್ರಿಟಿಷರ ಕಾಲದಿಂದ ಇದೆ. ನಾವು ಅದನ್ನು ಸಾವಯವ ಚಕ್ರ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ತೋಟದಲ್ಲಿ ನಿಂತು ನೋಡಿದರೆ ಚಕ್ರ. ಬೆಟ್ಟದಲ್ಲಿ ನಿಂತು ನೋಡಿದರೆ ಒನ್ ವೇ. ಬೆಟ್ಟದ ಎಲೆ ಕೆಳಗೆ ಹೋಗುತ್ತದೆ, ತೋಟದಿಂದ ಬೆಟ್ಟಕ್ಕೆ ಏನೂ ಹತ್ತಿ ಬರುವುದಿಲ್ಲ. ಎಲ್ಲಿ ಸರದಿ ಬಿಟ್ಟು ವರ್ಷ ವರ್ಷವೂ ಕಡಿದು, ಇದ್ದ ದರಕನ್ನೂ ಗುಡಿಸಿ ತಂದರೋ ಅಲ್ಲಿ ಇವತ್ತು ಚಿರೇಕಲ್ಲು ಬಾಯಿ ಬಿಟ್ಟುಕೊಂಡಿದೆ, ಕರಡದ ಹುಲ್ಲು ಮಾತ್ರ ಬೆಳೆಯುತ್ತದೆ. ದರಕು ಗುಡಿಸುವುದು ಅಂದರೆ ಕಾವಲುಗಾರರನ್ನೇ ಗುಡಿಸಿದ ಹಾಗೆ. ಬೆಂಕಿ ಇನ್ನೂ ಕೆಟ್ಟದ್ದು. ಸಾರಜನಕ ಹೊಗೆಯಲ್ಲಿ ಹೋಯಿತು, ಬೂದಿಯಲ್ಲಿ ಉಳಿದ ಪೊಟ್ಯಾಶ್ ಮೊದಲ ಮಳೆಯಲ್ಲಿ ಹೋಯಿತು. ರಸ್ತೆ ಬದಿ ಸಿಪ್ಪೆ ರಾಶಿಗೆ ಬೆಂಕಿ ಕೊಡುವವರು ಇಲ್ಲಿ ಯಾರೂ ಇಲ್ಲ ಅಂದುಕೊಂಡಿದ್ದೇನೆ.

ಮೊದಲ ಮಳೆ ಅಂದೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅಸಂಖ್ಯ ಬ್ಯಾಕ್ಟೀರಿಯಾ ಸಾಯುತ್ತವೆ. ಮಳೆ ಬಿದ್ದ ಕೂಡಲೇ ಉಳಿದವು ಸತ್ತವರ ಮೈ ತಿಂದು ಎದ್ದು ಕೂರುತ್ತವೆ, ಒಂದೆರಡು ದಿನ ಮಣ್ಣಿನ ಉಸಿರಾಟ ಒಮ್ಮೆಲೇ ಏರುತ್ತದೆ, ಸಾರಜನಕವೂ ಒಮ್ಮೆಲೇ ಹೊರಗೆ ಬರುತ್ತದೆ. ಎಚ್. ಎಫ್. ಬರ್ಚ್ ಎನ್ನುವ ವಿಜ್ಞಾನಿ 1950ರ ದಶಕದಲ್ಲಿ ಪೂರ್ವ ಆಫ್ರಿಕಾದ ಮಣ್ಣಿನಲ್ಲಿ ಇದನ್ನು ಅಳೆದು ತೋರಿಸಿದ, ಅವನ ಹೆಸರೇ ಆ ವಿದ್ಯಮಾನಕ್ಕೆ ಇದೆ. ಮೊದಲ ಮಳೆಯ ಮಣ್ಣಿನ ಪರಿಮಳವೂ ಕೊಳೆಸುವವರದ್ದೇ. ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾ ಮಾಡುವ ಜಿಯೋಸ್ಮಿನ್ ಅನ್ನುವ ವಸ್ತು. ಆ ಚಿಮ್ಮುವ ಸಣ್ಣ ಜೀವಿಗಳು ಈ ವಾಸನೆ ಹಿಡಿದು ಬರುತ್ತವೆ, ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಮೈಗೆ ಅಂಟಿಸಿಕೊಂಡು ಹೋಗಿ ಹರಡುತ್ತವೆ ಎಂದು 2020ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿದೆ. ನಮ್ಮ ಕವಿಗಳಿಗಾಗಿ ಸೃಷ್ಟಿಯಾದದ್ದಲ್ಲ ಅಂತ ಆಯಿತು.

ಮರದ ದಿಮ್ಮಿಗೆ ಬರೋಣ. ಎಲೆ ಸುಲಭ, ದಿಮ್ಮಿ ಕಷ್ಟ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನು ಪೂರ್ತಿ ಒಡೆಯಬಲ್ಲವರು ಬೆರಳೆಣಿಕೆಯ ಗುಂಪು, ಅದರಲ್ಲಿ ಮುಖ್ಯರು ಬಿಳಿ ಕೊಳೆ ತರುವ ಶಿಲೀಂಧ್ರಗಳು. ದಿಮ್ಮಿ ಬೆಳ್ಳಗೆ ನಾರು ನಾರಾಗಿದ್ದರೆ ಅವರ ಕೆಲಸ. ಕಂದು ಬಣ್ಣದ ಚೌಕ ಚೌಕ ತುಂಡಾಗಿ ಉದುರಿದರೆ ಕಂದು ಕೊಳೆ. ಅವು ಸೆಲ್ಯುಲೋಸ್ ತಿಂದು ಲಿಗ್ನಿನ್ ಬಿಟ್ಟಿವೆ.

ಒರಲೆಗೂ ಲಿಗ್ನಿನ್ ಜೀರ್ಣವಾಗುವುದು ಕಷ್ಟ. ನಮ್ಮಲ್ಲಿ ಹುತ್ತ ಕಟ್ಟುವ ಒರಲೆಗಳು ಅದಕ್ಕೆ ಉಪಾಯ ಕಂಡುಕೊಂಡಿವೆ: ಬೇಸಾಯ. ತಂದ ಕಟ್ಟಿಗೆ ಎಲೆಗಳನ್ನು ಒಮ್ಮೆ ಹೊಟ್ಟೆಯಲ್ಲಿ ದಾಟಿಸಿ, ಆ ಹಿಕ್ಕೆಯಿಂದ ಹುತ್ತದೊಳಗೆ ತೂತು ತೂತಾದ ಮೆತ್ತನೆ ಗೂಡು ಕಟ್ಟಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಅಣಬೆಯನ್ನು ಬೆಳೆಸುತ್ತವೆ. ಅಣಬೆ ಲಿಗ್ನಿನ್ ಒಡೆಯುತ್ತದೆ, ಒರಲೆ ಅಣಬೆಯ ಬಿಳಿ ಗುಂಡುಗಳನ್ನೂ ಮಾಗಿದ ಗೂಡನ್ನೂ ತಿನ್ನುತ್ತದೆ. ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಶುರುವಾದ ಕೃಷಿ ಇದು. ನಾವು ಭತ್ತ ಬಿತ್ತಲು ಕಲಿತು ಹತ್ತು ಸಾವಿರ ವರ್ಷ ಆಯಿತು ಅಂದರೆ ಹೆಚ್ಚು. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ಅಣಬೆ, ನೀವು ಬುಟ್ಟಿಯಲ್ಲಿ ತಂದು ಪಲ್ಯ ಮಾಡುವುದು, ಇದೇ. ಪೇಟೆಯ ಆಯ್‌ಸ್ಟರ್ ಅಣಬೆಯ ಹಾಗೆ ಹುಲ್ಲಿನ ಚೀಲದಲ್ಲಿ ಅದನ್ನು ಬೆಳೆಸಲಾಗುವುದಿಲ್ಲ, ಅದಕ್ಕೆ ಒರಲೆಯೇ ಬೇಕು. ಆದ್ದರಿಂದ ತೋಟದಂಚಿನ ಹುತ್ತಕ್ಕೆಲ್ಲ ವಿಷ ಸುರಿಯುವ ಮೊದಲು ಯೋಚಿಸಿ. ಮನೆಯ ಅಟ್ಟಕ್ಕೆ ಬಂದ ಒರಲೆಯ ಪರವಾಗಿ ನಾನು ವಕಾಲತ್ತು ಮಾಡುವುದಿಲ್ಲ.

ಕೊಳೆಸುವವರು ಇಲ್ಲದಿದ್ದರೆ ಏನಾಗುತ್ತದೆ ಅಂತ ಆಸ್ಟ್ರೇಲಿಯಾದವರನ್ನು ಕೇಳಿ. ಅಲ್ಲಿಗೆ ದನ ಬಂದದ್ದು 1788ರಲ್ಲಿ, ಬಿಳಿಯರ ಹಡಗಿನಲ್ಲಿ. ಅಲ್ಲಿನ ಸಗಣಿಹುಳಗಳಿಗೆ ಗೊತ್ತಿದ್ದದ್ದು ಕಾಂಗರೂವಿನ ಒಣ ಹಿಕ್ಕೆ, ದನದ ಸಗಣಿಯನ್ನು ಹೆಚ್ಚಿನವು ಮೂಸಲಿಲ್ಲ. ಸಗಣಿ ತಿಂಗಳುಗಟ್ಟಲೆ ಒಣಗಿ ಬಿಲ್ಲೆಯಾಗಿ ಬಿದ್ದಿತು, ಅಡಿಯಲ್ಲಿ ಹುಲ್ಲು ಸತ್ತಿತು, ನೊಣ ಹೆಚ್ಚಿತು. ಕೊನೆಗೆ 1960ರ ದಶಕದಲ್ಲಿ ಜಾರ್ಜ್ ಬೊರ್ನೆಮಿಸ್ಸಾ ಎಂಬ ಕೀಟವಿಜ್ಞಾನಿಯ ಒತ್ತಾಸೆಯಿಂದ ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಆಫ್ರಿಕಾ ಮುಂತಾದ ಕಡೆಗಳಿಂದ ಸಗಣಿಹುಳ ತರಿಸಿತು. ಸಗಣಿಯ ಹುಳಕ್ಕೆ ವಿದೇಶ ಪ್ರವಾಸ. ನಮ್ಮಲ್ಲಿ ಅದು ದುಡ್ಡಿಲ್ಲದೆ ನಡೆಯುತ್ತಿರುವ ಕೆಲಸ.

ಔಷಧ ಹೊಡೆಯುವ ವಿಷಯಕ್ಕೆ ಬರದೆ ಇಲ್ಲಿಂದ ಹೊರಡಲು ನೀವು ಬಿಡುವುದಿಲ್ಲ, ಗೊತ್ತು. ಅಡಿಕೆಗೆ ಕೊಳೆ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಕಡಲಿನ ಕಂದು ಪಾಚಿಗಳ ದೂರದ ನೆಂಟ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆಸಿ ಬರಗಾಲ ತಂದದ್ದು ಇದರದ್ದೇ ಕುಲ. ಇದು ಜೀವಂತ ಕಾಯಿಗೆ ಬಾಯಿ ಹಾಕುತ್ತದೆ, ಸತ್ತದ್ದನ್ನು ಕೊಳೆಸುವವರ ಸಾಲಿಗೆ ಸೇರಿಸಬೇಡಿ. ಆದರೆ ಇದಕ್ಕೆ ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಆ ಸಾಲಿನವರಿಗೂ ತಾಗುತ್ತದೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಹಾಕಿದರೆ ಅದರಲ್ಲಿ ಸುಮಾರು 250 ಗ್ರಾಂ ತಾಮ್ರ. ತಾಮ್ರ ಮೂಲವಸ್ತು, ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಅಡಿಕೆ ಗೊನೆಯಿಂದ ತೊಳೆದದ್ದು ಬುಡಕ್ಕೆ ಬರುತ್ತದೆ, ವರ್ಷದಿಂದ ವರ್ಷಕ್ಕೆ ಸೇರುತ್ತದೆ. ಈ ದ್ರಾವಣ ಹುಟ್ಟಿದ ಫ್ರಾನ್ಸಿನ ಹಳೆಯ ದ್ರಾಕ್ಷಿ ತೋಟಗಳಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ತಾಮ್ರ ಮಣ್ಣಿನಲ್ಲಿ ಕೂತಿದೆ, ಎರೆಹುಳುವಿಗೆ ಅದು ಆಗಿಬರುವುದಿಲ್ಲ. ಹೊಡೆಯಬೇಡಿ ಅಂತ ನಾನು ಹೇಳಿದರೆ ಆಗಸ್ಟಿನಲ್ಲಿ ಉದುರಿದ ಕಾಯಿ ಹೆಕ್ಕುವವರು ನೀವು, ನಾನಲ್ಲ. ಹೇಳುವುದು ಎರಡೇ: ಡ್ರಮ್ಮಿನಲ್ಲಿ ಉಳಿದದ್ದನ್ನು ಒಂದೇ ಬುಡಕ್ಕೋ ಬಸಿಗಾಲುವೆಗೋ ಸುರಿಯಬೇಡಿ. ಮತ್ತೆ ಸೊಪ್ಪು, ಗೊಬ್ಬರ ಬಿಡಬೇಡಿ, ಕೊಳೆತ ಸಾವಯವ ವಸ್ತು ತಾಮ್ರವನ್ನು ಕಟ್ಟಿಹಾಕಿ ಅದರ ಉಪದ್ರವ ತಗ್ಗಿಸುತ್ತದೆ.

ಇಷ್ಟು ಹೊತ್ತು ಗಾಳಿ ಆಡುವ ನೆಲದ ಮಾತಾಯಿತು. ಗಾಳಿ ಇಲ್ಲದಿದ್ದರೆ? ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗೆ, ಅಂದರೆ ಜೌಗು ಕಾಡಿಗೆ, ಹೋದವರಿದ್ದೀರಿ. ವರ್ಷವಿಡೀ ನೀರು, ಮಣ್ಣಿಗೆ ಆಮ್ಲಜನಕ ಇಳಿಯುವುದಿಲ್ಲ, ಬೇರುಗಳು ಮಂಡಿಯೂರಿದಂತೆ ಮೇಲೆದ್ದು ಉಸಿರಾಡುತ್ತವೆ. ಅಲ್ಲಿ ಕೊಳೆಯುವುದು ನಿಧಾನ. ಕರಾವಳಿಗೆ ಇಳಿದರೆ ಇನ್ನೊಂದು ಬಗೆ. ಕಾಳಿ ಅಳಿವೆಯ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಕಾಡಿನ ಕೆಸರಿಗೆ ಕಾಲಿಟ್ಟರೆ ಕೊಳೆತ ಮೊಟ್ಟೆಯ ವಾಸನೆ. ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾ ಸಮುದ್ರದ ನೀರಿನ ಸಲ್ಫೇಟನ್ನೇ ಬಳಸಿ ಉಸಿರಾಡಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೆಸರಿನ ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡಿನದ್ದು. ಆ ಕೆಸರನ್ನು ಅಗೆದು ಗಾಳಿಗೆ ಒಡ್ಡಿದರೆ ಗಂಧಕಾಮ್ಲ ಹುಟ್ಟುತ್ತದೆ. ಕಾಂಡ್ಲಾ ಕಡಿದು ಸಿಗಡಿ ಹೊಂಡ ತೋಡಿದ ಎಷ್ಟೋ ದೇಶಗಳಲ್ಲಿ ಹೊಂಡ ಹುಳಿಯಾದದ್ದು ಹೀಗೆ.

ಬಿದ್ದ ಕಾಂಡ್ಲಾ ಎಲೆಯನ್ನು ಏಡಿಗಳು ಬಿಲಕ್ಕೆ ಎಳೆಯುತ್ತವೆ. ಉಳಿದ ಎಲೆ ಚೂರಿನ ಮೇಲೆ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆದಂತೆ ಇಂಗಾಲ ಕಡಿಮೆಯಾಗಿ ಸಾರಜನಕದ ಪಾಲು ಏರುತ್ತದೆ, ಅಂದರೆ ಕೊಳೆತಷ್ಟೂ ಪೌಷ್ಟಿಕ. ಸಿಗಡಿ, ಬಳಚು ಎಂಬ ಚಿಪ್ಪುಜೀವಿ ತಿನ್ನುವುದು ಇದನ್ನು. ಬೆಟ್ಟದ ಕಾವಲು ತಪ್ಪಿಸಿಕೊಂಡು ಹೊಳೆಗೆ ಬಿದ್ದದ್ದೂ ಇಲ್ಲಿ ಇನ್ನೊಂದು ಸುತ್ತು ಹಾಕುತ್ತದೆ. ಅಘನಾಶಿನಿಯ ಗಜನಿ, ಅಂದರೆ ಉಬ್ಬರದ ಉಪ್ಪು ನೀರು ಬರುವ, ಗದ್ದೆಗಳಲ್ಲಿ, ಮಾಣಿಕಟ್ಟಾದ ಕಡೆ, ಉಪ್ಪು ನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆದು ತೆನೆ ಮಾತ್ರ ಕೊಯ್ಯುತ್ತಿದ್ದರು. ಹುಲ್ಲು ಗದ್ದೆಯಲ್ಲೇ ನಿಂತು ಕೊಳೆಯುತ್ತಿತ್ತು, ಉಬ್ಬರದ ಜೊತೆ ಒಳಗೆ ಬಂದ ಸಿಗಡಿ, ಮೀನು ಅದರಿಂದ ಬೆಳೆಯುತ್ತಿದ್ದವು. ಭತ್ತ ಬಿಟ್ಟು ಬರೀ ಸಿಗಡಿಗೆ ಗುತ್ತಿಗೆ ಕೊಟ್ಟ ಗಜನಿಗಳಲ್ಲಿ ಈ ಹುಲ್ಲು ಇಲ್ಲ.

ಶಿಕ್ಷಕರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ, ಖರ್ಚಿಲ್ಲದ್ದು. ಕುಮಟೆಯ ಕಡೆಯಿಂದ ಬಂದವರು ಹರಿದ ಮೀನುಬಲೆಯ ತುಂಡು ತಂದುಕೊಡಿ, ಬೆರಳು ತೂರುವ ಕಣ್ಣಿನದ್ದು. ಜೊತೆಗೆ ಸೊಳ್ಳೆ ಪರದೆಯದ್ದೊಂದು ತುಂಡು. ಎರಡರಿಂದಲೂ ಒಂದೇ ಅಳತೆಯ ಚೀಲ ಹೊಲಿಸಿ, ಒಂದೊಂದರಲ್ಲೂ 20 ಗ್ರಾಂ ಒಣಗಿಸಿದ ಒಂದೇ ಮರದ ಎಲೆ ತುಂಬಿ, ಜೂನ್ ಶುರುವಿಗೆ ದರಕಿನಡಿ ಇಡಿ. ಚೀಲ ಎಂಟೆಂಟು ಇರಲಿ, ತಿಂಗಳಿಗೆ ಎರಡೆರಡು ತೆಗೆದು, ಮಣ್ಣು ಕೊಡವಿ, ಒಣಗಿಸಿ ತೂಗಿ. ಪರದೆ ಚೀಲಕ್ಕೆ ಸಹಸ್ರಪದಿ, ಎರೆಹುಳು ಹೋಗಲಾರವು, ಬಲೆ ಚೀಲಕ್ಕೆ ಹೋಗುತ್ತವೆ. ಎರಡರ ತೂಕದ ವ್ಯತ್ಯಾಸವೇ ಅವುಗಳ ಕೆಲಸ. ಒಂದು ಜೊತೆ ಬೆಟ್ಟದಲ್ಲಿ ಇಡಿ, ಇನ್ನೊಂದು ಜೊತೆ ಬೋರ್ಡೋ ಹೊಡೆದ ತೋಟದಲ್ಲಿ. ಗುರುತಿಗೆ ಪ್ಲಾಸ್ಟಿಕ್ ದಾರ ಕಟ್ಟಿ, ಸೆಣಬಿನದ್ದು ಬೇಡ. ಅದನ್ನೂ ತಿನ್ನುತ್ತವೆ.